ಗಣಕಯಂತ್ರಗಳೊಳಗಿನ ಭಾಷಾಭೇದ

ನಾವು 'ಇಪ್ಪತ್ತೈದು' ಎನ್ನುತ್ತೇವೆ, ಮಲಯಾಳಿಗರು 'ಇರುಪತ್ತಂಜ್' ಎನ್ನುತ್ತಾರೆ. ಎರಡರಲ್ಲಿಯೂ ಇಪ್ಪತ್ತು ಮೊದಲು, ಐದು ಆಮೇಲೆ. ಸಂಸ್ಕೃತದಲ್ಲಾದರೋ ಅದು 'ಪಂಚವಿಂಶತಿ', ಐದು ಮೊದಲು. ಕ್ರಮ ತಿಳಿಯದವನಿಗೆ ಲೆಕ್ಕವೇ ತಪ್ಪೀತು. ಇಂತಹದೇ ಕ್ರಮಭೇದದಿಂದ ಗಣಕಯಂತ್ರಗಳ ಲೋಕದಲ್ಲಿ ಮನುಷ್ಯರ ಮಾತುಕತೆಯೇ ನಿಂತುಹೋದದ್ದುಂಟು.

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 1983ರಲ್ಲಿ ಹೊರತಂದ ಯುನಿಕ್ಸ್‌ನ 4.2 ಬಿ.ಎಸ್.ಡಿ. ಆವೃತ್ತಿಯಲ್ಲಿ 'ಟಾಕ್' ಎಂಬ ಪ್ರೋಗ್ರಾಂ ಇತ್ತು. ಪರದೆ ಇಬ್ಭಾಗವಾಗಿ, ಒಂದರಲ್ಲಿ ನಮ್ಮ ಮಾತು, ಇನ್ನೊಂದರಲ್ಲಿ ದೂರದ ಯಂತ್ರದ ಮುಂದೆ ಕುಳಿತವರ ಮಾತು. ಒಬ್ಬರು ಅಕ್ಷರ ಒತ್ತಿದೊಡನೆ ಇನ್ನೊಬ್ಬರಿಗೆ ಅದು ಕಾಣುತ್ತಿತ್ತು.

ಆದರೆ ಮಾತಿಗೆ ಮುನ್ನ ಒಂದು ಕರೆ ಹೋಗಬೇಕು. ಆ ಕರೆಯಲ್ಲಿ ಸಂಖ್ಯೆಗಳಿರುತ್ತವೆ. ದೊಡ್ಡ ಸಂಖ್ಯೆಯನ್ನು ಯಂತ್ರವು 'ಬೈಟ್' ಎಂಬ ತುಂಡುಗಳಾಗಿ ಇಡುತ್ತದೆ. ಬರ್ಕ್ಲಿಯವರ ವ್ಯಾಕ್ಸ್ ಯಂತ್ರ ಕಿರಿಯ ತುಂಡನ್ನು ಮೊದಲಿಡುತ್ತಿತ್ತು. ಸನ್-3 ಯಂತ್ರ ಹಿರಿಯದನ್ನು. ವ್ಯಾಕ್ಸ್ ಎರಡು ಬೈಟುಗಳಲ್ಲಿ ಬರೆದ 1 ಸನ್‌ನ ಕಣ್ಣಿಗೆ 256! ಹಳೆಯ ಟಾಕ್ ಸಂಖ್ಯೆಗಳನ್ನು ತನ್ನ ಮನೆಯ ಕ್ರಮದಲ್ಲಿಯೇ ಕಳುಹಿಸುತ್ತಿದ್ದುದರಿಂದ ಕರೆ ಅರ್ಥಹೀನವಾಗುತ್ತಿತ್ತು. ಮೊಟ್ಟೆಯನ್ನು ಯಾವ ತುದಿಯಲ್ಲಿ ಒಡೆಯಬೇಕೆಂದು ಗಲಿವರನ ಕಥೆಯಲ್ಲಿ ನಡೆದ ಜಗಳಕ್ಕೆ ಈ ಭೇದವನ್ನು ಹೋಲಿಸಿ, ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರಲ್ಲಿಯೇ ಶಾಂತಿಗಾಗಿ ಮೊರೆಯಿಟ್ಟಿದ್ದರು.

1986ರ 4.3 ಆವೃತ್ತಿಯಲ್ಲಿ ಬರ್ಕ್ಲಿಯವರು ತಪ್ಪು ತಿದ್ದಿದರು. ಯಂತ್ರ ಯಾವುದೇ ಇರಲಿ, ತಂತಿಯ ಮೇಲೆ ಹಿರಿಯದೇ ಮೊದಲು ಎಂದಾಯಿತು. ಆದರೆ ಹೊಸ ಟಾಕ್ ಹಳೆಯದಕ್ಕೆ ತಿಳಿಯದು. ಹಳೆಯದರ ಬಾಗಿಲ ಸಂಖ್ಯೆ 517, ಹೊಸದರದು 518. ಸನ್ ಯಂತ್ರಗಳಲ್ಲಿ ಹಳೆಯ ರೀತಿಯೇ ಬಹುಕಾಲ ಉಳಿಯಿತು. ಕರೆದವನು ಪರದೆ ನೋಡುತ್ತ ಕಾಯುತ್ತಿದ್ದ. ಅತ್ತ ಕರೆ ಬಂದುದೇ ಗೊತ್ತಿಲ್ಲ. ಗೆಳೆಯ ಬೇಕೆಂದೇ ಉತ್ತರಿಸುತ್ತಿಲ್ಲವೆಂದು ಇವನು ಮುನಿಸಿಕೊಂಡರೆ ತಪ್ಪು ಯಾರದು?

ಕೊನೆಗೆ ನೆರವಾದದ್ದು 1990ರ ದಶಕದಲ್ಲಿ ಬಳಕೆಯಲ್ಲಿದ್ದ 'ವೈಟಾಕ್'. ಅದು ಎರಡೂ ರೀತಿಗಳನ್ನು ಬಲ್ಲದು; ಎದುರಿನವರದು ಯಾವುದೋ ಅದರಲ್ಲಿಯೇ ಮಾತಾಡಿಸುವುದು. ನೀನು ಬದಲಾಗು ಎಂದು ಯಾರನ್ನೂ ಒತ್ತಾಯಿಸಲಿಲ್ಲ. ಎರಡು ಭಾಷೆ ಬಲ್ಲವನಿಗೆ ಎರಡು ಮನೆಯ ಬಾಗಿಲೂ ತೆರೆದೀತೆಂಬುದು ಗಡಿನಾಡಿನವರಾದ ನಮಗೇನೂ ಹೊಸ ಪಾಠವಲ್ಲ.