ವೀಡಿಯೋ ಸಂಕಲನದ ಸಾಧನಗಳೂ ಅವುಗಳ ಸುಧಾರಣೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಆದರೆ ಮನೆ ಕಟ್ಟುವುದಕ್ಕಿಂತಲೂ ಕಷ್ಟವಾದ ಕೆಲಸವೊಂದುಂಟು. ಅದು ಜನರು ವಾಸವಾಗಿರುವಾಗಲೇ ಮನೆಯನ್ನು ರಿಪೇರಿ ಮಾಡಿಸುವುದು. ಹೊಸ ಮನೆಗೆ ನಕ್ಷೆ ಬರೆಯುವವನು ಬರಿಯ ನಿವೇಶನವನ್ನು ನೋಡಿದರೆ ಸಾಕು. ವಾಸದ ಮನೆಗೆ ಕೈಹಚ್ಚುವವನಾದರೋ ಅಡಿಗೆಯ ಹೊತ್ತನ್ನೂ, ಮುದುಕರ ನಿದ್ರೆಯನ್ನೂ, ದೇವರ ಗೂಡನ್ನೂ ನೋಡಿಕೊಂಡು ಗೋಡೆಗೆ ಹಾರೆ ಹಾಕಬೇಕು. ಅಂತರಜಾಲದಲ್ಲಿ ಒದಗುವ ವೀಡಿಯೋ ಸಂಕಲನದ ತಂತ್ರಾಂಶಗಳನ್ನು ಸುಧಾರಿಸುವ ಕೆಲಸವು ಈ ಎರಡನೆಯ ಜಾತಿಗೆ ಸೇರಿದ್ದು.

ಇದು ಕಂಪೆನಿಗಳ ವಿಚಾರ, ಗೃಹಸ್ಥರಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ನಾಮಕರಣ, ಉಪನಯನ, ಮದುವೆ, ಷಷ್ಟ್ಯಬ್ದಿ, ಯಾವುದೇ ನಡೆಯಲಿ, ಮೊಬೈಲಿನಲ್ಲಿ ಅದರ ಚಿತ್ರ ಹಿಡಿಯದ ಮನೆ ಈಗ ವಿರಳ. ಹಿಡಿದುದನ್ನು ಕತ್ತರಿಸಿ, ಜೋಡಿಸಿ, ಪರದೇಶದಲ್ಲಿರುವ ಬಂಧುಗಳಿಗೆ ಕಳುಹಿಸುವ ಕೆಲಸವನ್ನು ಮನೆಯ ಹುಡುಗರೇ ಮಾಡುತ್ತಾರೆ. ಅವರು ಉಪಯೋಗಿಸುವ ಸಾಧನವು ಅನೇಕ ವೇಳೆ ಮನೆಯ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಬ್ರೌಸರಿನ ಬಾಗಿಲು ತೆರೆದರೆ ಮಾತ್ರ ದೊರೆಯುತ್ತದೆ. ಅದರ ಒಡೆಯರು ರಾತ್ರಿ ಮಾಡಿದ ಬದಲಾವಣೆ ಬೆಳಗಾಗುವುದರೊಳಗೆ ಎಲ್ಲರ ಮನೆಗೂ ಬಂದಿರುತ್ತದೆ. ಹೀಗಿರಲು, ಆ ಬದಲಾವಣೆಗಳನ್ನು ಯಾರು, ಯಾವ ಲೆಕ್ಕದ ಮೇಲೆ ನಿಶ್ಚಯಿಸುತ್ತಾರೆಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಈ ಸಾಧನವು ಕೆಲಸ ಮಾಡುವ ಬಗೆಯನ್ನು ನೋಡೋಣ. ಹಿಂದೆ ಸಂಕಲನಕಾರನು ಫಿಲ್ಮಿನ ಸುರುಳಿಯನ್ನೇ ಕತ್ತರಿಸಿ ಅಂಟಿಸುತ್ತಿದ್ದನು. ಈಗ ಮೂಲಚಿತ್ರಕ್ಕೆ ಕತ್ತರಿ ತಾಗುವುದಿಲ್ಲ. ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ ಬರಬೇಕು, ಅದರ ಮುಂದೆ ಯಾವುದು, ಹಿನ್ನೆಲೆಯಲ್ಲಿ ಯಾವ ವಾದ್ಯ, ಕೆಳಗೆ ಯಾವ ಬರಹ ಎಂಬ ತೀರ್ಮಾನಗಳ ಪಟ್ಟಿಯೊಂದನ್ನು ತಂತ್ರಾಂಶವು ಬರೆದಿಡುತ್ತದೆ. ಕೊನೆಗೆ ಅಪ್ಪಣೆಯಾದಾಗ ಮಾತ್ರ ಆ ಪಟ್ಟಿಯ ಮೇರೆಗೆ ಹೊಸ ಪ್ರತಿಯೊಂದು ಸಿದ್ಧವಾಗುತ್ತದೆ. ಆದಕಾರಣ ಮನೆಯವರ ಶ್ರಮವೆಲ್ಲ ಅಡಗಿರುವುದು ಆ ಪಟ್ಟಿಯಲ್ಲಿ. ಮೂಲಚಿತ್ರಗಳು ಉಳಿದರೂ ಪಟ್ಟಿ ಅಳಿದರೆ ಕೆಲಸವು ಅಳಿದಂತೆಯೇ ಸರಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಅಂತರಜಾಲದ ಸಾಧನಕ್ಕೆ ಇನ್ನೊಂದು ತೊಡಕುಂಟು. ಸೆಕೆಂಡಿಗೆ ೧೦ ಮೆಗಾಬಿಟ್ ಪ್ರಮಾಣದಲ್ಲಿ ದಾಖಲಾದ ೧೦ ನಿಮಿಷದ ಚಿತ್ರವು ೭೫೦ ಮೆಗಾಬೈಟ್ ಆಗುತ್ತದೆ. ಮನೆಯ ಸಂಪರ್ಕವು ಸೆಕೆಂಡಿಗೆ ೫ ಮೆಗಾಬಿಟ್‌ನಂತೆ ಮೇಲಕ್ಕೆ ಕಳುಹಿಸಬಲ್ಲುದಾದರೆ ಅದನ್ನು ಏರಿಸಲು ೨೦ ನಿಮಿಷ ಬೇಕು. ಮೂರು ಗಂಟೆಯ ಮದುವೆಯ ಚಿತ್ರಕ್ಕೆ ಇದೇ ಲೆಕ್ಕದಲ್ಲಿ ೬ ಗಂಟೆ! ಇದಕ್ಕೆ ಎರಡು ಪರಿಹಾರಗಳು ಕಂಡುಬಂದಿವೆ. ಮೂಲಚಿತ್ರದ ಬದಲು ಹಗುರವಾದ ಚಿಕ್ಕ ಪ್ರತಿಯನ್ನು ಮುಂದಿಟ್ಟುಕೊಂಡು ಕೆಲಸ ನಡೆಸಿ, ಕೊನೆಯ ಪ್ರತಿಗೆ ಮಾತ್ರ ಮೂಲವನ್ನು ಉಪಯೋಗಿಸುವುದು ಒಂದು. ಚಿತ್ರವನ್ನು ಎಲ್ಲಿಗೂ ಕಳುಹಿಸದೆ ಬ್ರೌಸರಿನೊಳಗೇ ಕೆಲಸ ಮುಗಿಸುವುದು ಇನ್ನೊಂದು. ೨೦೧೭ರ ಹೊತ್ತಿಗೆ ಮುಖ್ಯ ಬ್ರೌಸರುಗಳೆಲ್ಲವೂ ವೆಬ್‌ಅಸೆಂಬ್ಲಿ ಎಂಬ ವ್ಯವಸ್ಥೆಯನ್ನು ಅಳವಡಿಸಿಕೊಂಡದ್ದರಿಂದಲೂ, ೨೦೨೧ರಲ್ಲಿ ಕ್ರೋಮ್ ಬ್ರೌಸರಿಗೆ ವೆಬ್‌ಕೋಡೆಕ್ಸ್ ಎಂಬ ಸೌಕರ್ಯವು ಬಂದುದರಿಂದಲೂ ಈ ಎರಡನೆಯ ಮಾರ್ಗವು ಸುಗಮವಾಯಿತು. ಆಸ್ಟ್ರೇಲಿಯದಲ್ಲಿ ಹುಟ್ಟಿ, ೨೦೨೧ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಕ್ಲಿಪ್‌ಚಾಂಪ್ ಎಂಬ ಸಾಧನವು ಈ ಮಾರ್ಗವನ್ನು ಹಿಡಿದವುಗಳಲ್ಲಿ ಒಂದು.

ಇನ್ನು ಸುಧಾರಣೆಯ ಯೋಜನೆಗೆ ಬರೋಣ. ಬೇಡಿಕೆಗಳು ಸಾವಿರ ಬರುತ್ತವೆ, ಕೆಲಸಗಾರರು ಕೆಲವರೇ. ಯಾವುದು ಮೊದಲು, ಯಾವುದು ತರುವಾಯ ಎಂದು ನಿಶ್ಚಯಿಸುವುದು ಹೇಗೆ? ಜಪಾನಿನ ಪ್ರೊಫೆಸರ್ ನೊರಿಯಾಕಿ ಕಾನೊ ಅವರೂ ಅವರ ಸಹೋದ್ಯೋಗಿಗಳೂ ೧೯೮೪ರಲ್ಲಿ ಪ್ರಕಟಿಸಿದ ವಿವೇಚನೆಯೊಂದು ಇಂದಿಗೂ ಬಳಕೆಯಲ್ಲಿದೆ. ಅವರ ಮತದಂತೆ ಒಂದು ಪದಾರ್ಥದ ಗುಣಗಳಲ್ಲಿ ಮುಖ್ಯವಾದವು ಮೂರು ವಿಧ. ಮೊದಲನೆಯದು ಸಾರಿನ ಉಪ್ಪಿನಂತೆ. ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಎಲೆಯನ್ನೇ ಸರಿಸುತ್ತಾರೆ. ಎರಡನೆಯದು ತುಪ್ಪದಂತೆ, ಹೆಚ್ಚಿದಷ್ಟೂ ತೃಪ್ತಿ ಹೆಚ್ಚುತ್ತದೆ. ಮೂರನೆಯದು ನೆನೆಯದೆ ಬಂದ ಹೋಳಿಗೆಯಂತೆ. ಬಂದರೆ ಸಂತೋಷ, ಬಾರದಿದ್ದರೆ ದೂರಿಲ್ಲ. ಸಂಕಲನದ ಸಾಧನದಲ್ಲಿ ಮಾಡಿದ ಕೆಲಸ ತಾನಾಗಿ ಉಳಿಯುವುದು, ತಪ್ಪಿದ ಹೆಜ್ಜೆಯನ್ನು ಹಿಂದೆಗೆಯಲಾಗುವುದು, ಮಾತಿಗೂ ತುಟಿಗೂ ಹೊಂದಿಕೆ ಇರುವುದು, ಇವು ಉಪ್ಪು. ಕೊನೆಯ ಪ್ರತಿ ಬೇಗ ಸಿದ್ಧವಾಗುವುದು ತುಪ್ಪ. ಆಡಿದ ಮಾತು ತಾನಾಗಿಯೇ ಅಕ್ಷರರೂಪಕ್ಕೆ ಬರುವುದು ಮೊದಮೊದಲು ಹೋಳಿಗೆಯಾಗಿತ್ತು. ಈಗ ಅದನ್ನು ಜನರು ದಿನದ ಊಟವೆಂದೇ ಎಣಿಸತೊಡಗಿದ್ದಾರೆ. ಇಂದಿನ ಹೋಳಿಗೆ ನಾಳೆಯ ಉಪ್ಪಾಗುವುದೆಂಬುದೂ ಆ ವಿವೇಚನೆಯ ಒಂದು ಭಾಗವೇ.

ಇದಲ್ಲದೆ ಯೋಜಕರಲ್ಲಿ ಅಂಕೆಗಳ ಲೆಕ್ಕವೊಂದು ರೂಢಿಯಲ್ಲಿದೆ. ಸುಧಾರಣೆಯು ಎಷ್ಟು ಜನರನ್ನು ಮುಟ್ಟುತ್ತದೆ, ಒಬ್ಬೊಬ್ಬನಿಗೆ ಎಷ್ಟು ಉಪಕಾರ, ನಮ್ಮ ಊಹೆಯ ಮೇಲೆ ಎಷ್ಟು ಭರವಸೆ ಎಂಬ ಮೂರನ್ನು ಗುಣಿಸಿ, ತಗಲುವ ಶ್ರಮದಿಂದ ಭಾಗಿಸುವುದು. ಉದಾಹರಣೆಗೆ, ತುಣುಕುಗಳ ನಡುವೆ ಹೊಳೆಯುವ ಹೊಸ ಅಲಂಕಾರಗಳು ತಿಂಗಳಿಗೆ ೮,೦೦೦ ಜನರನ್ನು ಮುಟ್ಟುವುವೆಂದೂ, ಉಪಕಾರ ಅರ್ಧವೆಂದೂ, ಭರವಸೆ ನೂರಕ್ಕೆ ೮೦ ಎಂದೂ, ಶ್ರಮ ಒಬ್ಬನ ಒಂದು ತಿಂಗಳೆಂದೂ ಇಟ್ಟುಕೊಳ್ಳೋಣ, ಫಲ ೩,೨೦೦. ಕಿವಿ ಕೇಳದವರಿಗಾಗಿ ಅಡಿಬರಹದ ಸೌಕರ್ಯವು ೪೦೦ ಜನರನ್ನು ಮುಟ್ಟಿದರೆ, ಉಪಕಾರ ಮೂರು, ಭರವಸೆ ಅಷ್ಟೇ, ಶ್ರಮ ಮೂರು ತಿಂಗಳಾದರೆ ಫಲ ೩೨೦. ಲೆಕ್ಕದ ಮಾತನ್ನೇ ಕೇಳಿದರೆ ಅಲಂಕಾರವು ಹತ್ತುಪಾಲು ಮೇಲು! ಲೆಕ್ಕ ತಪ್ಪಲ್ಲ, ಆದರೆ ಅಲಂಕಾರವಿಲ್ಲದ ೮,೦೦೦ ಜನರು ತಮ್ಮ ಕೆಲಸವನ್ನು ಹೇಗೂ ಮುಗಿಸಿಯಾರು, ಅಡಿಬರಹವಿಲ್ಲದ ೪೦೦ ಜನರಿಗೆ ಬಾಗಿಲೇ ಮುಚ್ಚಿತು ಎಂಬ ಭೇದವು ಆ ಅಂಕೆಗಳಲ್ಲಿ ಕಾಣುವುದಿಲ್ಲ.

ಇದು ಬರಿಯ ಊಹೆಯಲ್ಲ. ನೋಡುಗರೇ ಸೇರಿ ಬೇರೆಯವರ ವೀಡಿಯೋಗಳಿಗೆ ಅಡಿಬರಹಗಳನ್ನೂ ಅನುವಾದಗಳನ್ನೂ ಬರೆದುಕೊಡುವ ಸೌಕರ್ಯವೊಂದು ಯೂಟ್ಯೂಬಿನಲ್ಲಿ ಇದ್ದಿತು. ೨೦೨೦ರ ಸೆಪ್ಟೆಂಬರ್ ೨೮ರಂದು ಅದನ್ನು ತೆಗೆದುಹಾಕಿದರು. ಸಂಸ್ಥೆಯು ಕೊಟ್ಟ ಕಾರಣಗಳೇನೆಂದರೆ, ಅದನ್ನು ದುರುಪಯೋಗ ಮಾಡುವವರಿದ್ದರು. ಮತ್ತು ಹಿಂದಿನ ಒಂದು ತಿಂಗಳಲ್ಲಿ ನೂರಕ್ಕೆ ೦.೦೦೧ಕ್ಕಿಂತ ಕಡಮೆ ಚಾನೆಲ್ಲುಗಳು ಮಾತ್ರ ಅಂಥ ಅಡಿಬರಹಗಳನ್ನು ಪ್ರಕಟಿಸಿದ್ದುವು. ಅಂಕೆ ಸಣ್ಣದೇ. ಆದರೆ ಕಿವಿ ಮಂದವಾದವರೂ, ಅನ್ಯಭಾಷೆಯ ಪಾಠಗಳನ್ನು ತಮ್ಮ ಭಾಷೆಯಲ್ಲಿ ಓದುತ್ತಿದ್ದವರೂ ಬಲವಾಗಿ ಆಕ್ಷೇಪಿಸಿದರು. ಬರೆಯುವವರು ಕೆಲವರಾದರೂ, ಬರೆದುದನ್ನು ನಂಬಿಕೊಂಡವರಿಗೆ ಬೇರೆ ದಾರಿಯಿರಲಿಲ್ಲ. ದುರುಪಯೋಗವನ್ನು ತಡೆಯುವುದು ಅವಶ್ಯವೇ; ಆದರೆ ಕಳ್ಳರು ನುಗ್ಗಿದ ಬಾವಿಯಕಟ್ಟೆಗೆ ಬೀಗ ಹಾಕಬಹುದೇ ಹೊರತು ಬಾವಿಯನ್ನೇ ಮುಚ್ಚಿಸುವುದು ಮನೆವಂತರು ಒಪ್ಪುವ ಮಾತಲ್ಲ.

ಈ ಅಲ್ಪಸಂಖ್ಯೆಯ ತೊಂದರೆಯು ಕನ್ನಡಿಗರಿಗೂ ತಪ್ಪಿದ್ದಲ್ಲ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಕ್ರಮದಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ಅಕ್ಷರಗಳಿಗೆ ಸಂಖ್ಯೆಯಿದ್ದ ಮಾತ್ರಕ್ಕೆ ಒತ್ತು ಮೂಡುವುದಿಲ್ಲ. 'ಸ್ತ್ರೀ' ಎಂಬುದು ಕಂಪ್ಯೂಟರಿಗೆ ಆರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒಂದು ರೂಪಕ್ಕೆ ತರುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕು. ಅದು ಇಲ್ಲದಲ್ಲಿ 'ಸ್‌ತ್‌ರೀ' ಎಂದು ಒಡೆದು ಕಾಣುತ್ತದೆ. ಬ್ರೌಸರುಗಳಲ್ಲಿ ಈ ಜೋಡಣೆಗೆ ಹಾರ್ಫ್‌ಬಜ್ ಮೊದಲಾದ ತಂತ್ರಾಂಶಗಳಿವೆ. ತೊಡಕು ಎಲ್ಲೆಂದರೆ, ಸಂಕಲನ ಮಾಡುವಾಗಿನ ನೋಟವು ಬ್ರೌಸರಿನದು. ಕೊನೆಯ ಪ್ರತಿಯನ್ನು ದೂರದ ಸರ್ವರಿನಲ್ಲಿ ಬೇರೊಂದು ತಂತ್ರಾಂಶವು ಬರೆಯುವುದಾದರೆ, ನೋಟದಲ್ಲಿ ಸರಿಯಾಗಿದ್ದ ಅಕ್ಷರವು ಪ್ರತಿಯಲ್ಲಿ ಒಡೆಯಬಹುದು. ಮದುವೆಯ ಚಿತ್ರದಲ್ಲಿ ವಧೂವರರ ಹೆಸರೇ ಒಡೆದಿದ್ದರೆ ಅಲಂಕಾರ ಎಷ್ಟಿದ್ದರೇನು? ಜಗತ್ತಿನ ಲೆಕ್ಕದಲ್ಲಿ ಕನ್ನಡದಲ್ಲಿ ಅಡಿಬರಹ ಬರೆಯುವವರು ಕೆಲವರೇ. ಆದರೆ ನಮಗೆ ಇದು ಉಪ್ಪಿನ ಜಾತಿಯ ಗುಣ.

ಹೊಸದಕ್ಕಾಗಿ ಹಳೆಯದನ್ನು ಕೈಬಿಟ್ಟಾಗ ಆಗುವ ಪರಿಣಾಮಕ್ಕೆ ಅಂತರಜಾಲದ ಹೊರಗಿನ ನಿದರ್ಶನವೊಂದುಂಟು. ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳುವ ಫೈನಲ್ ಕಟ್ ಪ್ರೋ ಎಂಬ ಸಂಕಲನ ತಂತ್ರಾಂಶವನ್ನು ಆಪಲ್ ಸಂಸ್ಥೆಯವರು ಬುಡದಿಂದ ಹೊಸದಾಗಿ ಕಟ್ಟಿ ೨೦೧೧ರ ಜೂನ್ ತಿಂಗಳಲ್ಲಿ ಹೊರತಂದರು. ವೇಗವೂ ಸೊಗಸೂ ಅದರಲ್ಲಿದ್ದುವು. ಆದರೆ ಹಿಂದಿನ ಆವೃತ್ತಿಯಲ್ಲಿ ಮಾಡಿದ ಕೆಲಸಗಳನ್ನು ಅದು ತೆರೆಯಲಾರದೆ ಹೋಯಿತು. ಅನೇಕ ಕ್ಯಾಮೆರಾಗಳ ಚಿತ್ರಗಳನ್ನು ಒಟ್ಟಿಗೆ ಹೊಂದಿಸುವ ಸೌಕರ್ಯವೂ ಇರಲಿಲ್ಲ. ವೃತ್ತಿನಿರತರು ಸಿಟ್ಟಾದರು, ಕೆಲವರು ಬೇರೆ ಸಾಧನಗಳಿಗೆ ಹೋದರು. ಬಿಟ್ಟುಹೋಗಿದ್ದ ಆ ಕ್ಯಾಮೆರಾ ಸೌಕರ್ಯವು ೨೦೧೨ರ ಜನವರಿಯಲ್ಲಿ ಮರಳಿ ಬಂದಿತು. ಒಳ್ಳೆಯ ತಳಪಾಯವಿದ್ದರೂ, ಹಳೆಯ ಪಾತ್ರೆಗಳಿಗೆ ಅಡಿಗೆಮನೆಯಲ್ಲಿ ಜಾಗವಿಡದೆ ಗೃಹಪ್ರವೇಶ ಮಾಡಿದಂತಾಯಿತು.

ಇನ್ನು ಸಾಧನವೇ ಇಲ್ಲದಾಗುವ ಸಂಗತಿ. ಬ್ರೌಸರಿನಲ್ಲಿ ಸಂಕಲನ ಮಾಡಲು ಅನುಕೂಲವಿತ್ತಿದ್ದ ಜಂಪ್‌ಕಟ್ ಎಂಬುದನ್ನು ಯಾಹೂ ಸಂಸ್ಥೆಯು ೨೦೦೬ರಲ್ಲಿ ಕೊಂಡು, ೨೦೦೯ರಲ್ಲಿ ಮುಚ್ಚಿತು. ಯೂಟ್ಯೂಬಿನವರು ೨೦೧೦ರಲ್ಲಿ ತೆರೆದ ಸಂಕಲನಶಾಲೆಯನ್ನು ಬಳಕೆ ಕಡಮೆಯೆಂದು ೨೦೧೭ರ ಸೆಪ್ಟೆಂಬರ್ ೨೦ರಂದು ನಿಲ್ಲಿಸಿದರು. ಕತ್ತರಿಸುವುದು, ಮುಖಗಳನ್ನು ಮಸುಕು ಮಾಡುವುದು ಮೊದಲಾದ ಕೆಲವು ಸೌಕರ್ಯಗಳು ಬೇರೆ ಕಡೆ ಉಳಿದುವು. ಹಲವು ತುಣುಕುಗಳನ್ನು ಜೋಡಿಸುವ ಮುಖ್ಯ ಕೆಲಸಕ್ಕೆ ಜನರು ಅನ್ಯತ್ರ ಹೋಗಬೇಕಾಯಿತು. ಅರ್ಧ ಮಾಡಿದ್ದ ಕೆಲಸವನ್ನು ಗಡುವಿನೊಳಗೆ ಮುಗಿಸಿಕೊಳ್ಳದವರಿಗೆ ನಾವು ಮೊದಲು ಹೇಳಿದ ತೀರ್ಮಾನಗಳ ಪಟ್ಟಿಯು ಇಲ್ಲವಾಯಿತು.

ಇವೆಲ್ಲವನ್ನೂ ನೋಡಿದರೆ ನಮಗೆ ತೋರುವುದಿಷ್ಟು. ಸುಧಾರಣೆಯನ್ನು ಯೋಜಿಸುವವರು, ಹೊಸದರಿಂದ ಎಷ್ಟು ಜನರಿಗೆ ಲಾಭವೆಂದು ಎಣಿಸುವುದಕ್ಕೆ ಮುಂಚೆ, ಈಗಿರುವುದರಲ್ಲಿ ಯಾರಿಗೆ ಯಾವುದು ನಷ್ಟವಾಗುವುದೆಂದು ಎಣಿಸತಕ್ಕದ್ದು. ಲಾಭವನ್ನು ಒಂದು ತಿಂಗಳು ತಡವಾಗಿ ಕೊಟ್ಟರೆ ಜನರು ಕಾಯುತ್ತಾರೆ. ಕಳೆದುಹೋದ ಕೆಲಸವನ್ನು ಯಾವ ಸುಧಾರಣೆಯೂ ಮರಳಿ ಕೊಡಲಾರದು. ಹಳೆಯ ಕೆಲಸವು ಹೊಸ ಆವೃತ್ತಿಯಲ್ಲಿ ತೆರೆಯಬೇಕು. ಹಳೆಯ ರೀತಿಯು ಸ್ವಲ್ಪ ಕಾಲ ಹೊಸದರ ಪಕ್ಕದಲ್ಲಿಯೇ ಇರಬೇಕು. ತೆಗೆಯಲೇಬೇಕಾದುದನ್ನು ಸಾಕಷ್ಟು ಮುಂಚಿತವಾಗಿ ತಿಳಿಸಿ, ಚಿತ್ರವನ್ನು ಮಾತ್ರವಲ್ಲದೆ ತೀರ್ಮಾನಗಳ ಪಟ್ಟಿಯನ್ನೂ ಒಯ್ಯಲು ಅನುಕೂಲ ಮಾಡಿಕೊಡಬೇಕು. ಕೆಲವರಿಗೇ ಬೇಕಾದ, ಆದರೆ ಅವರಿಗೆ ಅನಿವಾರ್ಯವಾದ ಸೌಕರ್ಯಗಳನ್ನು ಅಂಕೆಗಳ ಪಂದ್ಯದಿಂದ ಹೊರಗೆ ಬೇರೆಯಾಗಿ ಕಾಪಾಡಬೇಕು.

ಗೃಹಸ್ಥರ ಪಾಲಿಗೂ ಕರ್ತವ್ಯವುಂಟು. ಇಂಥ ಸಂಸ್ಥೆಗಳು ಅಭಿಪ್ರಾಯ ಕೇಳಿದಾಗ 'ಚೆನ್ನಾಗಿಲ್ಲ' ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಯಾವ ಕೆಲಸ ಮಾಡುತ್ತಿದ್ದಿರಿ, ಎಷ್ಟು ಉದ್ದದ ಚಿತ್ರ, ಯಾವ ಬ್ರೌಸರು, ಎಲ್ಲಿ ತಡೆಯಾಯಿತು, ಏನಾಗಬೇಕಾಗಿತ್ತು ಎಂಬ ಐದು ಸಂಗತಿಗಳನ್ನು ಬರೆದರೆ ಯೋಜಕನಿಗೆ ಅದು ನಕ್ಷೆಯಂತೆ ಒದಗುತ್ತದೆ. ಕನ್ನಡದ ಒತ್ತು ಒಡೆದಿದ್ದರೆ, ಸರಿಯಾದ ರೂಪವನ್ನೂ ಒಡೆದ ರೂಪವನ್ನೂ ಚಿತ್ರಸಹಿತ ಕಳುಹಿಸಬೇಕು. ಬರೆಯುವವರು ಹೆಚ್ಚಿದಂತೆ ಆ ಲೆಕ್ಕದಲ್ಲಿ ನಮ್ಮ ಅಂಕೆಯೂ ಹೆಚ್ಚುವುದು.

ಮನೆಯ ಚಿತ್ರಗಳನ್ನು ಅನ್ಯರ ಉಗ್ರಾಣದಲ್ಲಿ ಮಾತ್ರ ಇಟ್ಟು ನಿಶ್ಚಿಂತರಾಗಿರುವುದು ವಿವೇಕವಲ್ಲ. ಮೊಬೈಲಿನಲ್ಲಿ ಹಿಡಿದ ಮೂಲಗಳನ್ನು ಮನೆಯ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇರಿಸಿರಿ. ಸಂಕಲನ ಮುಗಿದೊಡನೆ ಪೂರ್ಣ ಗಾತ್ರದ ಪ್ರತಿಯನ್ನು ಇಳಿಸಿಕೊಳ್ಳಿರಿ. ಅಡಿಬರಹಗಳನ್ನು ಬೇರೆ ಕಡತವಾಗಿ ಉಳಿಸಲು ಅವಕಾಶವಿದ್ದರೆ ಅದನ್ನೂ ಉಳಿಸಿರಿ. ಅಜ್ಜಿ ಹೇಳಿದ ಕಥೆಯನ್ನು ಇನ್ನೊಮ್ಮೆ ಹಿಡಿಯಲು ಎಲ್ಲ ಮನೆಗಳಲ್ಲಿಯೂ ಅಜ್ಜಿ ಇರುವುದಿಲ್ಲ. ಬರುವ ಭಾನುವಾರ ಒಂದು ಗಂಟೆಯ ಬಿಡುವು ಮಾಡಿಕೊಂಡು ಮನೆಯ ಹುಡುಗರೊಡನೆ ಈ ಕೆಲಸಕ್ಕೆ ಕುಳಿತುಕೊಳ್ಳುವಿರೆಂದು ನಂಬಿದ್ದೇವೆ.