ಹೀಟರಲ್ಲ, ಹಾಡುವ ಸ್ಪೀಕರು!

ಹೊರದೇಶದಲ್ಲಿರುವ ಮಗನ ಮನೆಗೆ ಹೋದಾಗ, ಹಜಾರದಲ್ಲಿ ಚಳಿಗಾಲದ ಹೀಟರಿನಂಥ ಎರಡು ಅಗಲವಾದ ಜಾಲರಿಗಳು ಕಂಡರೆ ಕೈ ಕಾಯಿಸಲು ಹೋಗಬೇಡಿ! ಅವು ಸ್ಪೀಕರುಗಳಿರಬಹುದು. ಇಂಗ್ಲೆಂಡಿನ ಹಂಟಿಂಗ್ಡನ್ನಿನಲ್ಲಿ ಪೀಟರ್ ವಾಕರ್ ಅವರ ಕಂಪನಿ 1957ರಿಂದ 1985ರವರೆಗೆ ತಯಾರಿಸಿದ 'ಕ್ವಾಡ್' ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳು. ಹಳೆಯದನ್ನೇ ಕೊಂಡು, ರಿಪೇರಿ ಮಾಡಿಸಿ ಕೇಳುವ ಹುಚ್ಚಿನವರು ಇಂದಿಗೂ ಇದ್ದಾರೆ.

ಒಣಕೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲವೇ? ಇದರ ಗುಟ್ಟೂ ಅದೇ. ತೂತುಗಳಿರುವ ಎರಡು ಫಲಕಗಳ ನಡುವೆ ತೀರ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿದು, ಅದಕ್ಕೆ ವಿದ್ಯುತ್ತನ್ನು ತುಂಬಿರುತ್ತಾರೆ. ಸಂಗೀತದ ವಿದ್ಯುತ್ತು ಫಲಕಗಳಿಗೆ ಬಂದಂತೆ ಹಾಳೆ ಹಿಂದೆಮುಂದೆ ಆಡಿ ನಾದ ಹುಟ್ಟುತ್ತದೆ. ಹಾಳೆ ಅಷ್ಟು ಹಗುರವಾದ್ದರಿಂದ ತಂಬೂರಿಯ ಝೇಂಕಾರ, ಹಾಡುವವರ ಉಸಿರು ಸಹ ಸ್ಪಷ್ಟ. ಮದುವೆ ಮನೆಯ ಅಬ್ಬರ ಬೇಕೆನ್ನುವವರಿಗೆ ಮಾತ್ರ ಇದು ಒಗ್ಗದು.

ಅಪಾಯವೂ ಇಲ್ಲೇ ಇದೆ, ಗಮನವಿಟ್ಟು ಓದಿ. ಮಧ್ಯದ ಫಲಕಕ್ಕೆ ಸುಮಾರು 1,500 ವೋಲ್ಟ್, ಮಂದ್ರಸ್ವರದ ಅಕ್ಕಪಕ್ಕದವಕ್ಕೆ 6,000 ವೋಲ್ಟ್! ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ತು ಉಳಿದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು, ಮಕ್ಕಳು ಜಾಲರಿಯೊಳಗೆ ಹೇರ್‌ಪಿನ್ ತೂರಿಸುವುದು ಖಂಡಿತ ಕೂಡದು. ಹಿಂಬದಿ ಬಿಚ್ಚುವುದು ಬಲ್ಲವರ ಕೆಲಸ. "ನಾನೇ ಮಾಡ್ತೀನಿ ಬಿಡೇ" ಅಂತ ಯಜಮಾನರು ಸ್ಕ್ರೂಡ್ರೈವರ್ ಹಿಡಿದರೆ ನೀವೇ ಅಡ್ಡ ನಿಲ್ಲಿ!

ಹಳೆಯದನ್ನು ಕೊಳ್ಳುವ ಮುನ್ನ ಎರಡನ್ನೂ ಹಾಕಿ ಒಂದು ಗಂಟೆಯಾದರೂ ಕೇಳಬೇಕು. ಒಂದರ ದನಿ ಕ್ಷೀಣವೇ? ಹೈ ವೋಲ್ಟೇಜ್ ಕೊಡುವ ಭಾಗ ಸೋತಿರಬಹುದು, ಇಲ್ಲವೇ ಹಾಳೆಯ ಲೇಪ ಸವೆದಿರಬಹುದು. ಮೊದಲನೆಯದನ್ನು ಬದಲಿಸಿದರಾಯಿತು, ಎರಡನೆಯದಕ್ಕೆ ಫಲಕವನ್ನೇ ಬಿಚ್ಚಿ ಹೊಸ ಹಾಳೆ ಬಿಗಿಯಬೇಕು, ಖರ್ಚು ಅಲ್ಲೇ. ಟಿಕ್ ಟಿಕ್ ಸದ್ದು ಬಂದರೆ ಧೂಳು, ತೇವದಿಂದ ವಿದ್ಯುತ್ತು ಸೋರುತ್ತಿರಬಹುದು. ನಮ್ಮ ಮಳೆಗಾಲವಂತೂ ಇದಕ್ಕೆ ಶತ್ರು. ಅಮೆರಿಕದ 120 ವೋಲ್ಟಿಗೆ ಹೊಂದಿಸಿದ್ದನ್ನು ಹಾಗೇ ನಮ್ಮ 230ಕ್ಕೆ ಹಾಕಿದರಂತೂ ಸುಟ್ಟೇ ಹೋದೀತು.

ಇನ್ನು ಆಂಪ್ಲಿಫೈಯರು. ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಅಂತೀರಾ? ಇಲ್ಲಿ ಉಲ್ಟಾ. ಸುಮಾರು 33 ವೋಲ್ಟಿಗಿಂತ ಹೆಚ್ಚು ನೂಕಿದರೆ ಮಧ್ಯದ ಫಲಕದಲ್ಲಿ ಚಟ್ಟೆಂದು ಕಿಡಿ ಹಾರಿ ಹಾಳೆ ತೂತಾಗುತ್ತದೆ. ಅದೇ ಕಂಪನಿಯ ಕ್ವಾಡ್ 2 ಎಂಬ ವಾಲ್ವ್ ಆಂಪ್ಲಿಫೈಯರಿಗೆ ಇದ್ದದ್ದು ಬರೀ 15 ವ್ಯಾಟ್, ಅದರಲ್ಲೇ ಸೊಗಸಾಗಿ ಹಾಡುತ್ತಿತ್ತು. 1967ರಲ್ಲಿ ಬಂದ 303 ಎಂಬುದು 45 ವ್ಯಾಟಿನದು. ನನ್ನ ಮಟ್ಟಿಗೆ ನಿಶ್ಚಿಂತೆಯ ಜೋಡಿ ಇದೇ. 100 ವ್ಯಾಟಿನ 405 ಆದರೆ ಮಿತಿ ಕಟ್ಟುವ ಸರ್ಕ್ಯೂಟ್ ಹಾಕಿಸಲೇಬೇಕು. ಇನ್ನೊಂದು ತೊಡಕು: ತಾರಸ್ವರ ಏರಿದಂತೆ ಸ್ಪೀಕರಿನ ತಡೆ 2 ಓಮಿಗೂ ಕೆಳಗಿಳಿಯುತ್ತದೆ. ಅಗ್ಗದ ಆಂಪ್ಲಿಫೈಯರುಗಳು ಆಗ ತತ್ತರಿಸುತ್ತವೆ.

ಅಂದಹಾಗೆ, ನಾದ ಹಿಂದಕ್ಕೂ ಹೊಮ್ಮುವುದರಿಂದ ಇವನ್ನು ಗೋಡೆಗೆ ಒತ್ತಿ ಇಡುವಂತಿಲ್ಲ. ಎರಡು ಮೂರು ಅಡಿಯಾದರೂ ಬಿಡಬೇಕು. ಹಜಾರ ಇಕ್ಕಟ್ಟಾಗಿದ್ದರೆ ಕೊಳ್ಳುವ ಮೊದಲೇ ಅಳತೆ ಹಿಡಿದು ನೋಡಿ.