ಅಜ್ಜನ ಹಳೇ ಬಾಟಲಿ

ಮೊಮ್ಮಗ ಶಾಲೆಯಿಂದ ಬಂದಾಗ ಕಣ್ಣು ಕೆಂಡದಂತಿತ್ತು. ಮದ್ರಾಸ್ ಐ! ನನ್ನ ಪೊರೆ ಆಪರೇಷನ್ ಆದಮೇಲೆ ಉಳಿದಿದ್ದ ಡ್ರಾಪ್ಸನ್ನೇ ಅವನಿಗೂ ಹಾಕಿದೆ. ಮರುದಿನ ವೈದ್ಯರು ಬಾಟಲಿ ನೋಡಿ ಗದರಿದರು: “ಇದರಲ್ಲಿ ಸ್ಟೀರಾಯ್ಡ್ ಇದೆ. ಕೆಲವು ಸೋಂಕು ಇದರಿಂದ ಉಲ್ಬಣಿಸಿ ದೃಷ್ಟಿಗೇ ಕುತ್ತು. ತೆರೆದು ತಿಂಗಳಾದ ಬಾಟಲಿ ಎಸೆಯಬೇಕು.” 35 ವರ್ಷ ಬ್ಯಾಂಕಿನಲ್ಲಿ ಚೆಕ್ಕಿನ ತಾರೀಖು ನೋಡಿದವನು, ಬಾಟಲಿಯ ತಾರೀಖು ನೋಡಿರಲಿಲ್ಲ!

ಮಕ್ಕಳೇ, ಕೆಂಗಣ್ಣು ನೋಡಿದರೆ ಅಂಟುವುದಿಲ್ಲ. ಕಣ್ಣುಜ್ಜಿದ ಕೈ, ಹಂಚಿಕೊಂಡ ಟವೆಲ್ಲಿನಿಂದ ಅಂಟುತ್ತದೆ. ಸೋಪಿನಿಂದ ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಪಿಸುರು ಒರೆಸಿ; ಪ್ರತಿ ಸಲ ಹೊಸ ಹತ್ತಿ. ಹೆಚ್ಚಾಗಿ 1–2 ವಾರದಲ್ಲಿ ತಾನೇ ವಾಸಿಯಾಗುತ್ತದೆ. ಜೋರು ನೋವಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ಚುಚ್ಚಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಮೊಮ್ಮಗ ಗುಣವಾದ. ಅಜ್ಜ-ಅಜ್ಜಿಯರೇ, ಇಂದೇ ನಿಮ್ಮ ಔಷಧದ ಡಬ್ಬಿ ತೆರೆದು ನೋಡಿ.